ಅಮ್ಮನ ನಿಜವಾದ ತೂಕ

ನನ್ನಮ್ಮ ನನಗೆ ಮೋಸ ಮಾಡಿದಳು. ಬೇರೆಲ್ಲೂ ಅಲ್ಲ, ನನ್ನ ತಕ್ಕಡಿಯ ಮೇಲೆಯೇ ನಿಂತು, ನನ್ನ ಮುಖವನ್ನೇ ನೋಡುತ್ತಾ, ತಿಂಗಳುಗಟ್ಟಲೆ ಮೋಸ ಮಾಡಿದಳು. ತೀರಿಕೊಂಡವರ ಬಗ್ಗೆ ಹೀಗೆಲ್ಲ ಮಾತಾಡಬಾರದು ಎಂದು ಚಿಕ್ಕಮ್ಮ ನನ್ನ ಬಾಯಿ ಮುಚ್ಚಿಸುತ್ತಾಳೆ. ತೀರಿಕೊಂಡವರು ಮಾಡಿದ್ದನ್ನು ಬದುಕಿರುವವರು ಹೇಳದಿದ್ದರೆ ಇನ್ನು ಯಾರು ಹೇಳಬೇಕು? ನಾನು ಹೇಳುವವಳೇ.

ನಮ್ಮದು ತಕ್ಕಡಿ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಪ್ಪ ಇರುವವರೆಗೆ ಅಪ್ಪ ನಡೆಸಿದ, ಆಮೇಲೆ ನಾನು. ದಿನಸಿ ಅಂಗಡಿಯವರ ಎರಡು ತಟ್ಟೆಯ ತಕ್ಕಡಿ, ಅಕ್ಕಸಾಲಿಗರ ಗಾಜಿನ ಪೆಟ್ಟಿಗೆಯ ತಕ್ಕಡಿ, ಹಳೆ ಪೇಪರಿನವರ ಕೊಕ್ಕೆ ತಕ್ಕಡಿ, ಹೆರಿಗೆ ಆಸ್ಪತ್ರೆಯವರ ತೊಟ್ಟಿಲಿನಂಥ ತಕ್ಕಡಿ, ಎಲ್ಲವೂ ನನ್ನ ಕೈಗೆ ಬರುತ್ತವೆ. ನಾನು ಚಿಕ್ಕವಳಿದ್ದಾಗ ಒಬ್ಬ ಡಾಕ್ಟರು ನನ್ನನ್ನು ಪರೀಕ್ಷಿಸಿ ಆಟಿಸಂ ಎಂದು ಹೇಳಿದರು. ಅಲ್ಲಿಯವರೆಗೆ ಮನೆಯವರು ಅದನ್ನು ತಕ್ಕಡಿ ಹುಚ್ಚು ಎನ್ನುತ್ತಿದ್ದರು. ಡಾಕ್ಟರು ಹೇಳಿದ ಮೇಲೂ ಹಾಗೇ ಎಂದರು. ನನಗೂ ತಕ್ಕಡಿ ಹುಚ್ಚು ಎಂಬ ಮಾತೇ ವಾಸಿ, ಅದರಲ್ಲಿ ತಕ್ಕಡಿಯಾದರೂ ಇದೆ.

ಅದರಲ್ಲಿ ಅಂಥದ್ದೇನಿದೆ ಎಂದು ಜನ ಕೇಳುತ್ತಾರೆ. ಕೇಳಿದವರು ಉತ್ತರ ಮುಗಿಯುವ ತನಕ ನಿಲ್ಲುವುದಿಲ್ಲ, ಗಡಿಯಾರ ನೋಡಿಕೊಂಡು ಜಾಗ ಖಾಲಿ ಮಾಡುತ್ತಾರೆ. ನೀವು ಕೂತು ಓದುತ್ತಿದ್ದೀರಿ, ಸುಲಭಕ್ಕೆ ಓಡಿಹೋಗಲಾರಿರಿ ಎಂದುಕೊಂಡು ಹೇಳುತ್ತೇನೆ. ನನಗೆ ಈ ಲೋಕದಲ್ಲಿ ಎಲ್ಲವೂ ಒಟ್ಟಿಗೇ ಬಂದು ಮೈಮೇಲೆ ಬೀಳುತ್ತದೆ. ಟ್ಯೂಬ್‌ಲೈಟಿನ ಗುಂಯ್‌ಗುಟ್ಟುವ ಸದ್ದು, ಪಕ್ಕದ ಅಂಗಡಿಯ ಶಟರ್ ಎಳೆಯುವ ಸದ್ದು, ಜನರ ಮುಖಗಳು. ಮುಖಗಳಂತೂ ಬೇಡವೇ ಬೇಡ, ಬಾಯಿ ಒಂದು ಹೇಳಿದರೆ ಕಣ್ಣು ಇನ್ನೊಂದು ಹೇಳುತ್ತದೆ. ತಕ್ಕಡಿ ಹಾಗಲ್ಲ. ಅದರ ಮೇಲೆ ಏನಾದರೂ ಇಟ್ಟ ತಕ್ಷಣ ಅದಕ್ಕೂ ಗಾಬರಿಯಾಗುತ್ತದೆ, ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಒದ್ದಾಡುತ್ತದೆ. ಆಮೇಲೆ ನಿಧಾನಕ್ಕೆ ಸುಮ್ಮನಾಗುತ್ತದೆ. ಅದು ಸುಮ್ಮನಾಗುವಾಗ ನನ್ನೊಳಗೂ ಒಂದೊಂದೇ ಸದ್ದು ನಿಲ್ಲುತ್ತಾ ಬರುತ್ತದೆ. ಕೊನೆಗೆ ಇಷ್ಟು ಎಂದು ಅದು ನಿಂತುಬಿಡುತ್ತದಲ್ಲ, ಆಗ ನನಗೆ ನಗು ಉಕ್ಕಿ ಬರುತ್ತದೆ, ಎರಡೂ ಕೈಗಳು ತಾವಾಗಿಯೇ ಪಟಪಟ ಬಡಿದುಕೊಳ್ಳುತ್ತವೆ. ನಲವತ್ತು ದಾಟಿದ ಹೆಂಗಸು ಹೀಗೆ ಕೈ ಬಡಿಯುವುದನ್ನು ನೋಡಿ ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ, ನನ್ನ ಗಂಟೇನು ಹೋಗುತ್ತದೆ!

ಇಡೀ ಊರಿನಲ್ಲಿ ನನ್ನ ಮಾತನ್ನು ಕೊನೆಯವರೆಗೆ ಕೇಳುತ್ತಿದ್ದವಳು ಅಮ್ಮ ಒಬ್ಬಳೇ. ಬಟಾಣಿ ಸುಲಿಯುತ್ತಲೋ ಗುಂಡಿ ಹೊಲಿಯುತ್ತಲೋ ಕೂತಿರುತ್ತಿದ್ದಳು. ತಕ್ಕಡಿಯ ಕಂಬಿಯನ್ನು ಹೊತ್ತ ಚೂಪಾದ ಅಂಚಿನ ಮೇಲೆ ತುಕ್ಕು ಕೂತರೆ ಮುಳ್ಳು ಹೇಗೆ ಸೋಮಾರಿಯಾಗುತ್ತದೆ ಎಂದು ನಾನು ಹೇಳುತ್ತಾ ಹೋದರೆ, ನಡುವೆ ಸರಿಯಾದ ಜಾಗದಲ್ಲಿ "ಆಮೇಲೆ?" ಅನ್ನುತ್ತಿದ್ದಳು. ಪೂರ್ತಿ ಅರ್ಥವಾಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಚಿಕ್ಕಮ್ಮ ಮನೆಗೆ ಬಂದಾಗೆಲ್ಲ ತಲೆ ಒತ್ತಿಕೊಂಡು ಗೊಣಗುತ್ತಿದ್ದಳು.

"ಅಕ್ಕಾ, ಅದೇನು ದಿನಾ ಇವಳ ಹತ್ರ ತಲೆ ಕೊರೆಸ್ಕೋತೀಯೇ? ಹೆತ್ತವರಿಗೆ ಹೆಗ್ಗಣ ಮುದ್ದು ಅಂದ್ರೆ ಇದೇ ನೋಡು."

"ನಿನ್ನ ಸೊಸೆ ಪುರಾಣ ಕೇಳೋದಕ್ಕಿಂತ ಇದು ವಾಸಿ. ಇದರಲ್ಲಿ ಯಾರನ್ನೂ ಬೈಯೋದಿಲ್ಲ" ಎಂದು ಅಮ್ಮ ತಿರುಗೇಟು ಕೊಡುತ್ತಿದ್ದಳು.

ದಿನಾ ಬೆಳಿಗ್ಗೆ ಅಂಗಡಿಯ ಮೊದಲ ತೂಕ ಅಮ್ಮನದು. ಅಪ್ಪನ ಕಾಲದ ಒಂದು ದೊಡ್ಡ ತಕ್ಕಡಿ ಇದೆ. ಕೆಳಗೆ ನಿಲ್ಲಲು ಹಲಗೆ, ಎದೆಯೆತ್ತರದಲ್ಲಿ ಅಂಕಿ ಕೊರೆದ ಕಂಬಿ, ಕಂಬಿಯ ಮೇಲೆ ಸರಿಸಲು ಒಂದು ಗುಂಡು. ಹಲಗೆಯ ಮೇಲೆ ಅಮ್ಮ ನಿಲ್ಲುತ್ತಿದ್ದಳು, ನಾನು ಗುಂಡನ್ನು ಮೆಲ್ಲಗೆ ಸರಿಸುತ್ತಾ ಹೋಗುತ್ತಿದ್ದೆ. ಸರಿಯಾದ ಅಂಕಿಗೆ ಬಂದಾಗ ಕಂಬಿ ಮೇಲೂ ಮುಟ್ಟದೆ ಕೆಳಗೂ ಮುಟ್ಟದೆ ಗಾಳಿಯಲ್ಲಿ ತೇಲುತ್ತಾ ನಿಲ್ಲುತ್ತದೆ. ಅಪ್ಪಿಕೊಳ್ಳುವುದು ನನ್ನ ಕೈಲಾಗದು, ಯಾರ ಮೈ ತಾಗಿದರೂ ಚರ್ಮದ ಮೇಲೆ ಇರುವೆ ಹರಿದಂತಾಗುತ್ತದೆ. ಆದರೆ ತೂಗುವುದು ಗೊತ್ತು. ಅಮ್ಮನ ವರ್ಷಗಟ್ಟಲೆಯ ತೂಕ ನನ್ನ ತಲೆಯಲ್ಲಿದೆ. ತಮ್ಮನ ಮದುವೆಯ ಓಡಾಟದಲ್ಲಿ ಎಷ್ಟು ಇಳಿದಿದ್ದಳು, ಮೊಮ್ಮಗಳು ಹುಟ್ಟಿದ ಖುಷಿಗೆ ಎಷ್ಟು ತುಂಬಿಕೊಂಡಿದ್ದಳು, ಚಿಕ್ಕಮ್ಮನ ಜೊತೆ ಜಗಳವಾಗಿ ಊಟ ಬಿಟ್ಟ ವಾರ ಎಷ್ಟಿದ್ದಳು, ಎಲ್ಲ ಹೇಳಬಲ್ಲೆ. ಬೇರೆಯವರು ಅಮ್ಮನ ಫೋಟೋ ಇಟ್ಟುಕೊಳ್ಳುತ್ತಾರೆ. ನಾನು ಇದನ್ನು ಇಟ್ಟುಕೊಂಡಿದ್ದೆ.

ಹೀಗಿರುವಾಗ ಕಳೆದ ವರ್ಷ ಅಮ್ಮ ದಪ್ಪನೆಯ ಉಣ್ಣೆಯ ಸ್ವೆಟರ್ ತೊಡಲು ಶುರುಮಾಡಿದಳು. ಹೊರಗೆ ಸೆಕೆ, ಒಳಗೆ ಸ್ವೆಟರ್. ಯಾಕೆ ಎಂದರೆ "ವಯಸ್ಸಾಯ್ತಲ್ಲೇ, ಮೂಳೆಗೆ ಚಳಿ" ಎಂದಳು. ಸರಿ ಎಂದು ನಾನು ಸ್ವೆಟರನ್ನೇ ಬೇರೆಯಾಗಿ ತೂಗಿ, ಅಷ್ಟನ್ನು ಕಳೆದು ಲೆಕ್ಕ ಹಿಡಿದೆ. ಐವತ್ತೆಂಟು ಕಿಲೋ. ಮರುದಿನವೂ ಐವತ್ತೆಂಟು. ಆಮೇಲೂ ಅಷ್ಟೇ.

ತಮ್ಮ ಬೇರೆ ಮನೆ ಮಾಡಿಕೊಂಡಿದ್ದಾನೆ, ರಜೆಯ ದಿನ ಹೆಂಡತಿ ಮಗಳ ಜೊತೆ ಬರುತ್ತಾನೆ. ಒಂದು ಸಲ ಬಂದವನು ಅಮ್ಮನನ್ನು ನೋಡಿ ಬಾಗಿಲಲ್ಲೇ ನಿಂತ.

"ಅಕ್ಕಾ, ಅಮ್ಮ ಸೊರಗಿ ಕಡ್ಡಿಯಾದ ಹಾಗಿಲ್ವಾ? ಕೆನ್ನೆ ನೋಡು, ಗುಳಿ ಬಿದ್ದಿದೆ."

"ಇಲ್ಲ. ಐವತ್ತೆಂಟು" ಎಂದೆ.

"ಸರಿಯಾಗಿ ನೋಡಿದ್ಯಾ?"

ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಕಣ್ಣಿಗಿಂತ ನನ್ನ ತಕ್ಕಡಿ ಮೇಲು. ಬೇಕಾದ್ರೆ ನೀನೇ ನಿಂತು ನೋಡು, ಹೊಟ್ಟೆ ಎಷ್ಟು ಬಂದಿದೆ ಅಂತ ಅದೇ ಹೇಳತ್ತೆ."

ಎಲ್ಲರೂ ನಕ್ಕರು. ಅಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. "ಅಕ್ಕನ ತಕ್ಕಡಿ ಹೇಳಿದ ಮೇಲೆ ಮುಗೀತು ಬಿಡಪ್ಪ" ಎಂದು ತಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಪ್ರಮಾಣಿಸಿ ನೋಡಿಯೇ ಕೆಟ್ಟೆವು. ಬೇರೆ ಯಾರ ಮನೆಯಲ್ಲಾದರೂ ಕಣ್ಣಿಗೆ ಕಂಡದ್ದನ್ನು ನಂಬಿ ಅವಳನ್ನು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ನಾವು ತಕ್ಕಡಿಯ ಮನೆಯವರು, ತಕ್ಕಡಿಯನ್ನು ನಂಬಿದೆವು.

ಒಂದು ಬೆಳಿಗ್ಗೆ ಅಮ್ಮನ ತೂಕ ಮುಗಿದು, ಅವಳು ಒಳಗೆ ಹೋಗಿ, ನಾನು ಟೀಗೆ ಕೂತಿದ್ದೆ. ದಿನಾ ಟೀ ಮುಗಿಸಿಯೇ ಕೆಲಸ ಶುರುಮಾಡುವವಳು ನಾನು. ಅಷ್ಟರಲ್ಲಿ ತರಕಾರಿ ಅಂಗಡಿಯವನು ತಕ್ಕಡಿ ಹೊತ್ತುಕೊಂಡು ಓಡಿಬಂದ. ಗಿರಾಕಿಯೊಬ್ಬ ತೂಕ ಕಡಿಮೆ ಎಂದು ಎಲ್ಲರ ಮುಂದೆ ರಂಪ ಮಾಡಿದ್ದನಂತೆ. ನಾನು ಟೀ ಬಿಟ್ಟು ಎದ್ದೆ.

"ತಾಳೇ, ಕುಡಿದು ಏಳು, ಆರಿಹೋಗತ್ತೆ" ಎಂದು ಅಮ್ಮ ಪರದೆಯ ಹಿಂದಿನಿಂದ ಕೂಗಿದಳು. ದನಿಯಲ್ಲಿ ಏದುಸಿರಿತ್ತು.

ತಕ್ಕಡಿ ಸರಿಯಿದೆಯೇ ಎಂದು ನೋಡಲು ಹಿತ್ತಾಳೆಯ ಬಟ್ಟುಗಳಿವೆ. ತೂಕದ ಕಲ್ಲು ಎಂದರೂ ಅದೇ. ಪರದೆಯ ಪಕ್ಕದ ಶೆಲ್ಫಿನಲ್ಲಿ ಮರದ ಪೆಟ್ಟಿಗೆ, ಅದರೊಳಗೆ ಒಂದೊಂದು ಬಟ್ಟಿಗೂ ಅದರದೇ ಗುಳಿ. ಪೆಟ್ಟಿಗೆ ತೆರೆದು ಎರಡು ಕಿಲೋದ ಬಟ್ಟನ್ನು ಕೈಗೆತ್ತಿಕೊಂಡೆ. ಬೆಚ್ಚಗಿತ್ತು.

ಬೆಳಗಿನ ಹೊತ್ತು ಹಿತ್ತಾಳೆ ಎಷ್ಟು ತಣ್ಣಗಿರುತ್ತದೆ ಎಂಬುದು ನನ್ನ ಅಂಗೈಗೆ ಗೊತ್ತು. ಆ ಪೆಟ್ಟಿಗೆಗೆ ಬಿಸಿಲು ಬೀಳುವುದಿಲ್ಲ, ಹತ್ತಿರ ಒಲೆಯಿಲ್ಲ. ಇನ್ನೊಂದನ್ನು ಮುಟ್ಟಿದೆ, ಅದೂ ಬೆಚ್ಚಗೆ. ಅರ್ಧ ಕಿಲೋದ್ದು ಮಾತ್ರ ತಣ್ಣಗಿತ್ತು. ತರಕಾರಿಯವನ ತಕ್ಕಡಿಯನ್ನು ಸರಿ ಮಾಡಿ ಕೊಟ್ಟೆ, ಅವನು ಹೋದ. ಇಡೀ ದಿನ ನನ್ನ ಮನಸ್ಸು ಕಪ್ಪೆ ತೂಗಿದ ಹಾಗಾಯಿತು, ಒಂದು ಯೋಚನೆಯನ್ನು ಕೂರಿಸಿದರೆ ಇನ್ನೊಂದು ಹೊರಗೆ ಜಿಗಿಯುತ್ತಿತ್ತು. ಬಟ್ಟುಗಳು ಯಾರ ಮೈಗೋ ಅಂಟಿಕೊಂಡಿದ್ದವು. ಮನೆಯಲ್ಲಿ ಇರುವುದೇ ಇಬ್ಬರು. ಮೇಲಾಗಿ ಜೀವ ಇರುವ ಮೈ ಇಷ್ಟು ದಿನ ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ. ಅದು ನನಗೆ ಮೊದಲೇ ಹೊಳೆಯಬೇಕಿತ್ತು, ಆದರೆ ಅಮ್ಮನನ್ನು ಅನುಮಾನಿಸುವ ಜಾಗವೇ ನನ್ನ ತಲೆಯಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಮೊದಲು ಪೆಟ್ಟಿಗೆ ತೆರೆದೆ. ಐದು ಕಿಲೋದ ಗುಳಿ ಖಾಲಿ. ಎರಡು ಕಿಲೋದ ಎರಡೂ ಗುಳಿ ಖಾಲಿ. ಮುಚ್ಚಳ ಮುಚ್ಚಿ ಬಂದು ದೊಡ್ಡ ತಕ್ಕಡಿಯ ಹತ್ತಿರ ನಿಂತೆ. ಅಮ್ಮ ಸ್ವೆಟರ್ ತೊಟ್ಟು ಬಂದಳು, ಗೋಡೆ ಹಿಡಿದುಕೊಂಡು ಹಲಗೆ ಹತ್ತಿದಳು. ಗುಂಡು ಸರಿಸಿದೆ. ಕಂಬಿ ತೇಲಿ ನಿಂತಿತು. ಐವತ್ತೆಂಟು.

ನನಗೆ ನಗು ಬರಲಿಲ್ಲ. ಕೈಯೂ ಅಲ್ಲಾಡಲಿಲ್ಲ.

"ಅಮ್ಮಾ, ಪೆಟ್ಟಿಗೆಯಲ್ಲಿ ಐದು ಕೇಜಿ ಬಟ್ಟಿಲ್ಲ. ಎರಡರವೂ ಇಲ್ಲ."

ಅಮ್ಮ ಸ್ವೆಟರಿನೊಳಗೆ ಕೈಹಾಕಿ, ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯ ಚೀಲ ಬಿಚ್ಚಿ, ಒಂದೊಂದೇ ಬಟ್ಟನ್ನು ತೆಗೆದು ಮೇಜಿನ ಮೇಲಿಟ್ಟಳು. ಐದರದನ್ನು ಎರಡೂ ಕೈಯಲ್ಲಿ ಎತ್ತಿಟ್ಟಳು. ತಕ್ಕಡಿಯ ಕಂಬಿ ಠಪ್ಪೆಂದು ಕೆಳಗೆ ಬಿತ್ತು. ನಾನು ಗುಂಡನ್ನು ಹಿಂದಕ್ಕೆ ಸರಿಸಿದೆ, ಇನ್ನೂ ಹಿಂದಕ್ಕೆ, ಇನ್ನೂ ಹಿಂದಕ್ಕೆ. ನಲವತ್ತೊಂಬತ್ತು.

"ಯಾಕಮ್ಮಾ?" ಎಂದು ಕಿರುಚಿದೆ. ನಾನು ಕಿರುಚಿದರೆ ಬೀದಿಗೆಲ್ಲ ಕೇಳಿಸುತ್ತದೆ.

"ಕೂಗಬೇಡ್ವೇ. ನಿನ್ನ ತಮ್ಮ ತಂದುಕೊಟ್ಟ ಬ್ಯಾಟರಿ ತಕ್ಕಡಿ ಒಳಗಿದೆಯಲ್ಲ, ಅದರ ಮೇಲೆ ನಿಂತು ಎಷ್ಟು ಇಳಿದಿದೆ ನೋಡ್ಕೋತಿದ್ದೆ. ಇಳಿದಷ್ಟು ಕಟ್ಕೊಂಡು ಬರ್ತಿದ್ದೆ."

ಆ ಬ್ಯಾಟರಿ ಡಬ್ಬವನ್ನು ನಾನು ತಕ್ಕಡಿ ಎಂದು ಕರೆಯುವುದೂ ಇಲ್ಲ. ಅದರಲ್ಲಿ ಮುಳ್ಳಿಲ್ಲ, ತೇಲುವುದಿಲ್ಲ, ಅಂಕಿ ಸುಮ್ಮನೆ ಬಂದು ಕೂತುಕೊಳ್ಳುತ್ತದೆ. ಅದನ್ನು ನಾನು ಬಚ್ಚಲಿನ ಮೂಲೆಗೆ ತಳ್ಳಿದ್ದೆ. ಅಮ್ಮನ ನಿಜ ಅಷ್ಟೂ ದಿನ ಆ ಮೂಲೆಯಲ್ಲಿತ್ತು.

"ಯಾಕೆ ಅಂತ ಕೇಳ್ದೆ!"

"ನಿನ್ನಪ್ಪ ಸೊರಗಿ ಸೊರಗಿ ಹೋದಾಗ ಏನಾಯ್ತು ನಿಂಗೆ? ವರ್ಷ ಪೂರ್ತಿ ತಕ್ಕಡಿ ಮುಟ್ಟಲಿಲ್ಲ. ಬಾಯಿ ಬಿಟ್ಟು ಒಂದು ಮಾತಿಲ್ಲ, ನಗುವಿಲ್ಲ. ಗೋಡೆ ನೋಡ್ಕೊಂಡು ಕೂತಿದ್ದೆ. ನನ್ನ ಮಗಳು ಬದುಕಿದ್ದಾಳೋ ಇಲ್ವೋ ಅನ್ನೋ ಹಾಗಾಗಿತ್ತು ನಂಗೆ. ಆಮೇಲೆ ಯಾವತ್ತೋ ಒಂದು ದಿನ ಆ ಕಂಬಿ ನೋಡಿ ನಕ್ಕೆಯಲ್ಲ, ಆವತ್ತು ನಾನು ಒಳಗೆ ಹೋಗಿ ಅತ್ತಿದ್ದೆ ಕಣೆ. ನಂದೂ ಇಳಿಯೋದು ನೋಡಿದ್ರೆ ನೀನು ಮತ್ತೆ ಆ ಗೋಡೆಗೆ ಹೋಗ್ತೀಯ. ಇರೋವಷ್ಟು ದಿನ ನೀನು ನಗ್ತಾ ಇರು ಅಂತ."

ಅಮ್ಮನಿಗೆ ಗೊತ್ತೇ ಇರಲಿಲ್ಲ. ನನ್ನ ಮಾತನ್ನು ಅಷ್ಟು ವರ್ಷ "ಆಮೇಲೆ, ಆಮೇಲೆ" ಎಂದು ಕೇಳಿದವಳಿಗೇ ಇದು ಗೊತ್ತಿರಲಿಲ್ಲ.

ಅಪ್ಪ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿದ್ದ. ಹಾಸಿಗೆಯ ಪಕ್ಕದಲ್ಲೇ ಒಂದು ಒಳ್ಳೆಯ ತಕ್ಕಡಿಯಿತ್ತು. ದಿನಾ ಅವನನ್ನು ತೂಗುತ್ತೇನೆ ಎಂದು ನಾನು ಗೋಗರೆದೆ. ಇದೇನು ನಿನ್ನ ಹುಚ್ಚಾಟಕ್ಕೆ ಸಮಯವೇ ಎಂದು ಎಲ್ಲರೂ ನನ್ನನ್ನು ಹೊರಗೆ ಕೂರಿಸಿದರು. ಅಪ್ಪ ಒಳಗೆ ಕರಗುತ್ತಿದ್ದ, ನಾನು ಹೊರಗೆ ಬೆಂಚಿನ ಮೇಲೆ. ಅವನು ಎಷ್ಟು ತೂಕಕ್ಕೆ ಇಳಿದು ಹೋದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

"ಅಪ್ಪಂದು ತೂಕ ಇಳೀತು ಅಂತ ಅಲ್ಲಮ್ಮಾ ನಾನು ಗೋಡೆ ನೋಡಿದ್ದು. ನೀವು ನಂಗೆ ತೂಗೋಕೆ ಬಿಡ್ಲಿಲ್ಲ ಅಂತ! ಅಂಕಿ ಒಂದೇ ಇರ್ಲಿ ಅಂತ ನಂಗೆಲ್ಲಿದೆ? ಇಳಿದ್ರೂ ಅದು ನಿಂದೇ ಅಲ್ವಾ? ನಿಂದು ಎಷ್ಟಿದ್ರೂ ನಂಗೆ ಬೇಕು. ಹಿತ್ತಾಳೆ ಯಾಕೆ ತೂಗಿಸ್ದೆ ನನ್ನ ಕೈಲಿ?"

ಅಮ್ಮ ಹಲಗೆಯ ಮೇಲೆಯೇ ಕುಸಿದು ಕೂತಳು. "ಹೌದೇನೇ?" ಎಂದಳು. ಅಷ್ಟೇ. ಎರಡು ಸಲ ಹಾಗೇ ಅಂದಳು.

ಅವತ್ತೇ ತಮ್ಮ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಒಳ್ಳೆಯವರು, ಸಮಾಧಾನವಾಗಿ ಮಾತಾಡುವವರು. ಹೊಟ್ಟೆಯೊಳಗೆ ಗಡ್ಡೆಯಿದೆ, ಬೇರೆ ಕಡೆಗೂ ಹರಡಿದೆ ಎಂದು ಹೇಳಿದರು. ತೂಕ ಯಾವಾಗಿಂದ ಇಳಿಯುತ್ತಿದೆ, ಎಷ್ಟೆಷ್ಟು ಇಳಿಯಿತು ಎಂದು ಕೇಳಿದರು. ತಮ್ಮ ನನ್ನ ಮುಖ ನೋಡಿದ. ಅಮ್ಮನ ತೂಕ ಎಂದರೆ ಅವನು ನನ್ನ ಮುಖವನ್ನೇ ನೋಡುವುದು. ನನ್ನ ಬಾಯಲ್ಲಿ ಐವತ್ತೆಂಟು ಬಿಟ್ಟರೆ ಬೇರೆ ಅಂಕಿಯಿರಲಿಲ್ಲ. ಸ್ವಲ್ಪ ಮುಂಚೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರಮ್ಮ ನಮಗೆ ಹೇಳಲಿಲ್ಲ, ನರ್ಸಿಗೆ ಮೆಲ್ಲಗೆ ಹೇಳಿದರು. ನನ್ನ ಕಿವಿ ಚುರುಕು.

ಬರುವಾಗ ಆಟೋದಲ್ಲಿ ಅಮ್ಮನನ್ನು ಕೇಳಿದೆ. "ಬ್ಯಾಟರಿ ಡಬ್ಬದಲ್ಲಿ ನೋಡ್ತಿದ್ಯಲ್ಲ. ಎಷ್ಟೆಷ್ಟಿತ್ತು, ಹೇಳು."

"ನೆನಪಿಲ್ಲ ಕಣೆ."

"ಸ್ವಲ್ಪ ಯೋಚನೆ ಮಾಡಮ್ಮಾ. ಮೊದಲ ದಿನದ್ದು? ಆಮೇಲಿಂದು?"

"ಇಲ್ವೇ ಮಗಳೇ. ಕಟ್ಕೊಳ್ಳೋಕೆ ಬೇಕಾದಷ್ಟು ಹೊತ್ತು ನೆನಪಿರ್ತಿತ್ತು, ಆಮೇಲೆ ಮರೆತುಬಿಡ್ತಿದ್ದೆ. ನೆನಪಿಟ್ಟುಕೊಳ್ಳೋಳು ನೀನಲ್ವಾ?"

ತಮ್ಮ ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಕೂತಿದ್ದ. ಅವನ ಭುಜಗಳು ಅಲುಗುತ್ತಿದ್ದವು. ನಾನು ಅಳಲಿಲ್ಲ, ನನಗೆ ಸಿಟ್ಟಿತ್ತು. ಮನೆ ಬಂದ ಮೇಲೆ, ಸ್ವೆಟರ್ ಬಿಚ್ಚಿಟ್ಟು ಹಲಗೆಯ ಮೇಲೆ ನಿಲ್ಲು ಎಂದೆ. ನಿಂತಳು.

ಆಮೇಲೆ ದಿನಾ ನಿಜವಾದ ತೂಕ. ಅಮ್ಮನ ಮಂಚವನ್ನು ಅಂಗಡಿಗೇ ತಂದು ಹಾಕಿದೆವು. ತಮ್ಮನ ಹೆಂಡತಿ ನೋಡಿಕೊಳ್ಳಲು ಬಂದು ಉಳಿದಳು, ಕೆಲಸದಲ್ಲಿ ಕೈ ಚುರುಕು, ಮನಸ್ಸು ಮೆದು. ಮೊದಲನೆಯ ಬೆಳಿಗ್ಗೆಯೇ ಅವಳು ಹೌಹಾರಿದಳು. ಅಂಕಿ ಮತ್ತೂ ಇಳಿದಿತ್ತು. ಕಂಬಿ ಒದ್ದಾಡಿ, ನಿಧಾನಿಸಿ, ತೇಲಿ ನಿಂತಿತು. ನನಗೆ ನಗು ಬಂತು, ಕೈ ಪಟಪಟ ಬಡಿದುಕೊಂಡವು. ಕಣ್ಣಲ್ಲಿ ನೀರು ಧಾರೆಯಾಗಿ ಸುರಿಯುತ್ತಿತ್ತು, ಆದರೂ ನಗು ಬಂತು. ಎರಡೂ ಒಟ್ಟಿಗೆ ಬರಬಾರದು ಎಂದು ನನ್ನ ಮೈಗೆ ಯಾರೂ ಹೇಳಿಕೊಟ್ಟಿಲ್ಲ.

"ಅಯ್ಯೋ, ನಗ್ತಿದ್ದಾರಲ್ರೀ!" ಎಂದು ಅವಳು ಗಂಡನ ತೋಳು ಹಿಡಿದಳು. "ಅಮ್ಮ ಹೀಗಿರುವಾಗ..."

"ನಗಲಿ" ಎಂದಳು ಅಮ್ಮ ಹಲಗೆಯ ಮೇಲಿಂದ. "ಅವಳು ನನ್ನ ನೋಡಿ ನಗ್ತಿದ್ದಾಳೆ. ಇಷ್ಟು ದಿನ ಹಿತ್ತಾಳೆ ನೋಡಿ ನಗ್ತಿದ್ಲು."

ಚಿಕ್ಕಮ್ಮನೂ ಬಂದು ನೋಡಿ ಹೋದಳು. ಸಾಯುವವರನ್ನು ದಿನಾ ಎಬ್ಬಿಸಿ ತೂಗುವುದು ಯಾವ ಸೀಮೆಯ ಪದ್ಧತಿ ಎಂದು ನನ್ನನ್ನು ಬೈದಳು. ಅಮ್ಮ ಅವಳಿಗೂ ಉತ್ತರ ಕೊಟ್ಟಳು. "ನೀನು ಬಂದಾಗೆಲ್ಲ ನನ್ನ ಮುಖ ನೋಡಿ ಲೊಚಗುಟ್ತೀಯಲ್ಲ, ಅದೂ ತೂಗೋದೇ. ಇವಳದ್ದಾದ್ರೆ ಸರಿಯಾಗಿರತ್ತೆ." ಅಮ್ಮನ ನಾಲಿಗೆಯ ತೂಕ ಮಾತ್ರ ಒಂದು ಗುಲಗಂಜಿಯೂ ಇಳಿದಿರಲಿಲ್ಲ.

ಸಂಜೆ ಅವಳು ಮಲಗಿದಲ್ಲೇ ನನ್ನಿಂದ ಕಥೆ ಕೇಳುತ್ತಿದ್ದಳು. ಬೇರೆ ಕಥೆಯಲ್ಲ, ತಕ್ಕಡಿಯ ಕಥೆ. ಅಕ್ಕಸಾಲಿಗರ ತಕ್ಕಡಿಗೆ ಗಾಜಿನ ಪೆಟ್ಟಿಗೆ ಏಕೆ ಬೇಕು, ಉಸಿರು ತಾಗಿದರೂ ಅದು ಹೇಗೆ ಬೆಚ್ಚುತ್ತದೆ ಎಂದು ನಾನು ಹೇಳುತ್ತಿದ್ದರೆ ಅವಳ "ಆಮೇಲೆ?" ದಿನದಿನಕ್ಕೆ ಸಣ್ಣದಾಗುತ್ತಾ ಬಂತು. ಒಂದು ಸಂಜೆ "ಆಮೇಲೆ?" ಬರಲಿಲ್ಲ. ನಿದ್ದೆ ಬಂದಿತ್ತು. ನಾನು ಅಲ್ಲಿಗೇ ನಿಲ್ಲಿಸಿ, ಅವಳು ಎದ್ದ ಮೇಲೆ ಅಲ್ಲಿಂದಲೇ ಮುಂದುವರಿಸಿದೆ.

ಕೊನೆಗೊಂದು ಬೆಳಿಗ್ಗೆ ಅವಳಿಗೆ ನಿಲ್ಲಲು ಆಗಲಿಲ್ಲ. ನೆಲಕ್ಕೆ ಇಟ್ಟ ತಕ್ಷಣ ಕಾಲುಗಳು ಮಡಚಿಕೊಂಡವು.

"ಬಿಡು ಅಕ್ಕಾ, ಸಾಕು" ಎಂದ ತಮ್ಮ. "ಅಮ್ಮನಿಗೆ ಸುಸ್ತು."

"ಸುಸ್ತು ನಂಗೋ ನಿಂಗೋ?" ಎಂದಳು ಅಮ್ಮ. ದನಿ ಹೊರಗೆ ಬರುತ್ತಿರಲಿಲ್ಲ, ತುಟಿ ನೋಡಿ ತಿಳಿದುಕೊಳ್ಳಬೇಕಿತ್ತು. ಆಮೇಲೆ ನನ್ನ ಕಡೆ ತಿರುಗಿದಳು. "ನಿಲ್ಲೋಕಾಗದ ಮಕ್ಕಳನ್ನ ಹೇಗೆ ತೂಗ್ತೀರೇ?"

"ದೊಡ್ಡವರು ಎತ್ಕೊಂಡು ನಿಂತ್ಕೋತಾರೆ. ಆಮೇಲೆ ದೊಡ್ಡವರ ತೂಕ ಕಳೀತಾರೆ."

"ಮತ್ತೆ?" ಎಂದಳು ಅಮ್ಮ. ನನ್ನನ್ನೇ ನೋಡುತ್ತಿದ್ದಳು.

ತಮ್ಮ ಎತ್ತಲು ಬಗ್ಗಿದ. ಅವನನ್ನು ಪಕ್ಕಕ್ಕೆ ಸರಿಸಿ ನಾನೇ ಅವಳ ಬೆನ್ನಿನ ಕೆಳಗೆ ಒಂದು ಕೈ, ಮೊಣಕಾಲಿನ ಕೆಳಗೆ ಒಂದು ಕೈ ಹಾಕಿ ಎತ್ತಿದೆ. ಮೈಮೇಲೆಲ್ಲ ಇರುವೆ ಹರಿದವು. ಹರಿಯಲಿ ಎಂದುಕೊಂಡೆ. ಅವಳ ತಲೆ ನನ್ನ ಕುತ್ತಿಗೆಗೆ ತಾಗಿತು, ಉಸಿರು ಬಿಸಿಯಾಗಿತ್ತು. ಹಲಗೆ ಹತ್ತಿ ಕಂಬಿಯ ಕಡೆ ತಿರುಗಿ ನಿಂತೆ. ನಿಂತ ಮೇಲೆ ಗೊತ್ತಾಯಿತು, ಗುಂಡು ಸರಿಸಲು ನನಗೆ ಕೈಯಿಲ್ಲ. ಎರಡೂ ಕೈಯಲ್ಲಿ ಅಮ್ಮ ಇದ್ದಳು.

"ನಾನು ಸರಿಸ್ಲಾ?" ಎಂದ ತಮ್ಮ.

"ನೀನು ಸುಮ್ನಿರೋ" ಎಂದು ಅಮ್ಮ ತನ್ನ ಕೈ ಹೊರಗೆ ಚಾಚಿದಳು. ಒಂದು ಬೆರಳಿನಿಂದ ಗುಂಡನ್ನು ತಳ್ಳಿದಳು. ಕಂಬಿ ಕದಲಲಿಲ್ಲ. ಇನ್ನೂ ತಳ್ಳಿದಳು. ಜಾಸ್ತಿಯಾಯಿತು, ಕಂಬಿ ಕೆಳಗೆ ಬಿತ್ತು. "ಅಯ್ಯೋ" ಎಂದು ಹಿಂದಕ್ಕೆಳೆದಳು. "ಮೆಲ್ಲಗಮ್ಮಾ, ಕೂದಲೆಳೆಯಷ್ಟು" ಎಂದು ಅವಳ ಕಿವಿಯಲ್ಲಿ ಹೇಳಿದೆ. ಕೂದಲೆಳೆಯಷ್ಟು ಸರಿಸಿದಳು. ಕಂಬಿ ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು, ಇನ್ನೂ ಸಣ್ಣಗೆ ಇಳಿಯಿತು. ಆಮೇಲೆ ಎಲ್ಲೂ ಮುಟ್ಟದೆ ಗಾಳಿಯಲ್ಲಿ ನಿಂತಿತು. ನಾನು ಉಸಿರು ಬಿಗಿ ಹಿಡಿದಿದ್ದೆ. ಅಮ್ಮನೂ ಹಿಡಿದಿದ್ದಳು, ನನ್ನ ಎದೆಗೆ ಗೊತ್ತಾಗುತ್ತಿತ್ತು.

"ತೇಲ್ತಿದೆ ಕಣೆ" ಎಂದಳು ಅಮ್ಮ. "ಇದನ್ನೇನೇ ನೀನು ದಿನಾ ನೋಡ್ತಿದ್ದಿದ್ದು?"

"ಹೂಂ."

"ನಾನು ಒಂದಿನಾನೂ ನೋಡೇ ಇಲ್ವಲ್ಲೇ. ನಾನು ನಿನ್ನ ಮುಖಾನೇ ನೋಡ್ತಾ ನಿಂತಿರ್ತಿದ್ದೆ." ಅವಳು ನಗುತ್ತಿದ್ದಳು. ಸದ್ದಿಲ್ಲದ ಆ ನಗು ನನ್ನ ತೋಳಿಗೆ ತಾಗುತ್ತಿತ್ತು. ಆಮೇಲೆ ಬೆರಳನ್ನು ಗುಂಡಿನಿಂದ ತೆಗೆದು, ಬರಿಗೈಯನ್ನು ಬಿಡಿಸಿ ನನ್ನ ಕಣ್ಣೆದುರು ಹಿಡಿದಳು. "ನೋಡ್ಕೋ, ಏನೂ ಇಟ್ಕೊಂಡಿಲ್ಲ. ಎಷ್ಟು, ಹೇಳು."

ನನ್ನ ತೂಕ ಕಳೆದು ಹೇಳಿದೆ. "ಮೂವತ್ತನಾಲ್ಕು."

"ಸರಿಯಾಗಿದೆಯಾ?"

"ಸರಿಯಾಗಿದೆ ಅಮ್ಮಾ."

ನನ್ನ ಕೈಗಳು ಬಡಿದುಕೊಳ್ಳಲಿಲ್ಲ. ಅವು ಖಾಲಿ ಇರಲಿಲ್ಲ. ಅಕ್ಕಾ ಇಳಿ, ಅಕ್ಕಾ ಸಾಕು ಎಂದು ತಮ್ಮ ಹೇಳುತ್ತಲೇ ಇದ್ದ. ಅಮ್ಮನಿಗೆ ಜೊಂಪು ಹತ್ತುವ ತನಕ ನಾನು ಇಳಿಯಲಿಲ್ಲ.

ಮರುದಿನ ಅವಳನ್ನು ಎಬ್ಬಿಸಲಾಗಲಿಲ್ಲ. ಅದರ ಮರುದಿನ ಅವಳು ಇರಲಿಲ್ಲ.

ಈಗ ಎಲ್ಲರೂ ನನಗೆ ಸಮಾಧಾನ ಹೇಳುತ್ತಾರೆ. ಎಂಥ ತಾಯಿ ಕಣೆ, ನಿನ್ನ ನಗುವಿಗೋಸ್ಕರ ಸೊಂಟಕ್ಕೆ ಭಾರ ಕಟ್ಟಿಕೊಂಡು ನಿಂತಳಲ್ಲ ಎಂದು ಚಿಕ್ಕಮ್ಮ ಕಣ್ಣೊರೆಸಿಕೊಳ್ಳುತ್ತಾಳೆ. ಹೌದು, ಎಂಥ ತಾಯಿ. ಅದು ನನಗೂ ಗೊತ್ತು. ಆದರೆ ಸಿಟ್ಟು ಇಳಿಯುವುದಿಲ್ಲ. ಅಮ್ಮನ ತೂಕಗಳನ್ನು ನಾನು ತಲೆಯಲ್ಲಿ ಒಂದೊಂದಾಗಿ ನೋಡುತ್ತಾ ಬರುತ್ತೇನೆ. ತಮ್ಮನ ಮದುವೆಯದು ಬರುತ್ತದೆ, ಮೊಮ್ಮಗಳದು ಬರುತ್ತದೆ. ಆಮೇಲೆ ಐವತ್ತೆಂಟು, ಐವತ್ತೆಂಟು, ಐವತ್ತೆಂಟು. ಅಲ್ಲಿ ಅಮ್ಮ ಇಲ್ಲ. ಅವಳು ಒಳಗೆ ಬಚ್ಚಲಿನ ಮೂಲೆಯಲ್ಲಿ ಒಬ್ಬಳೇ ನಿಂತು, ತಾನು ಎಷ್ಟು ಉಳಿದಿದ್ದೇನೆ ಎಂದು ನೋಡಿ, ಒಬ್ಬಳೇ ಹೆದರಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ನಗುತ್ತಾ ಹೊರಗೆ ಬರುತ್ತಿದ್ದಳು. ನಾನು ಪರದೆಯ ಈಚೆಗೇ ಇದ್ದೆ. ಕರೆದಿದ್ದರೆ ಸಾಕಿತ್ತು, ಅವಳು ಇಳಿದ ಒಂದೊಂದು ಕಿಲೋಗೂ ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.